ಯುದ್ಧ ಟ್ಯಾಂಕ್‌ಗಳು: ಗುಂಡು ತುಂಬುವ ವಿಧಾನ ಮತ್ತು ರಕ್ಷಣಾ ವ್ಯವಸ್ಥೆ

ಮಡಿಕೇರಿಯಲ್ಲಿರುವ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ‘ಸನ್ನಿ ಸೈಡ್’ ನಿವಾಸವನ್ನು ಸಂಗ್ರಹಾಲಯವನ್ನಾಗಿ ಪರಿವರ್ತಿಸಲಾಗಿದ್ದು, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ಶ್ರೀ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿರುತ್ತಾರೆ. ಇದರ ಆವರಣದಲ್ಲಿ ಟಿ-55 ಮಾದರಿಯ ಯುದ್ಧ ಟ್ಯಾಂಕ್ ಒಂದನ್ನು ಇರಿಸಲಾಗಿದೆ. ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ಭಾಗದಿಂದ ಅಲ್ಲಿಗೆ ಪ್ರವಾಸ ತೆರಳುವ ವಿದ್ಯಾರ್ಥಿಗಳ ಹಾಗೂ ಸಾರ್ವಜನಿಕರ ತಿಳುವಳಿಕೆಗಾಗಿ ಟ್ಯಾಂಕ್‌ಗಳ ಬಗ್ಗೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

1948ರ ನವೆಂಬರ್ 1ರಂದು, ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯ ಅವರ ನೇತೃತ್ವದಲ್ಲಿ, 11,500 ಅಡಿಗೂ ಎತ್ತರದ ಜೋಜಿಲಾ ಕಣಿವೆಮಾರ್ಗಕ್ಕೆ ‘ಸ್ಟುವರ್ಟ್’ ಲಘು ಟ್ಯಾಂಕ್‌ಗಳನ್ನು ನುಗ್ಗಿಸಲಾಯಿತು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಎದುರಾಳಿಗಳು ಎಣಿಸಿರಲಿಲ್ಲ. ಆ ಟ್ಯಾಂಕ್‌ಗಳ ಫಿರಂಗಿಯು ಕೇವಲ 37 ಮಿ.ಮೀ. ಗಾತ್ರದ್ದಾಗಿದ್ದು, ಅದರ ಗುಂಡನ್ನು ಕೈಯಿಂದ ತುಂಬುವುದು ಸುಲಭವಾಗಿತ್ತು.

ಗುಂಡು ತುಂಬುವ ವಿಧಾನ

1971ರ ಯುದ್ಧದಲ್ಲಿ ಭಾರತೀಯ ಸೇನೆ ಬಳಸಿದ ಟಿ-55ರ ಮೂಲ ಫಿರಂಗಿಯು 100 ಮಿ.ಮೀ. ಗಾತ್ರದ್ದಾಗಿತ್ತು. ಇದರ ಒಂದು ಸ್ಫೋಟಕ ಗುಂಡು ಸುಮಾರು 30 ಕಿ.ಗ್ರಾಂ. ತೂಗುತ್ತದೆ. ಚಲಿಸುವ ಟ್ಯಾಂಕಿನೊಳಗೆ, ಇಕ್ಕಟ್ಟಿನಲ್ಲಿ ಇದನ್ನು ಎತ್ತಿ ತುಂಬಲು ಒಬ್ಬ ಯೋಧನನ್ನೇ ನೇಮಿಸಲಾಗುತ್ತಿತ್ತು. ಚಾಲಕ, ಗುರಿಕಾರ ಹಾಗೂ ಮುಖ್ಯಸ್ಥ ಸೇರಿ ಒಟ್ಟು ನಾಲ್ವರು ಇರುತ್ತಿದ್ದರು.

ಟಿ-72 ಮತ್ತು ಟಿ-90 ಟ್ಯಾಂಕ್‌ಗಳಲ್ಲಿ ಈ ಕೆಲಸವನ್ನು ಯಂತ್ರವು ನಿರ್ವಹಿಸುತ್ತದೆ. ಗೋಪುರದ ಕೆಳಗೆ ತಿರುಗುವ ತಟ್ಟೆಯಂತಹ ವ್ಯವಸ್ಥೆಯಲ್ಲಿ 22 ಸುತ್ತು ಮದ್ದುಗುಂಡುಗಳನ್ನು ಜೋಡಿಸಲಾಗಿರುತ್ತದೆ. ಆದ್ದರಿಂದ ಮೂವರು ಸಾಕಾಗುತ್ತಾರೆ. ಟ್ಯಾಂಕ್ ತಗ್ಗಾಗಿಯೂ ಹಗುರವಾಗಿಯೂ ಇರುತ್ತದೆ. ಆದರೆ ಯೋಧರು ಮದ್ದಿನ ಮೇಲೆಯೇ ಕುಳಿತಂತಾಗುತ್ತದೆ. ಕವಚ ಭೇದಿಸಿ ಬೆಂಕಿ ತಗುಲಿದಲ್ಲಿ ಗೋಪುರವೇ ಹಾರಿಹೋಗುವುದು 1991ರ ಕೊಲ್ಲಿ ಯುದ್ಧದಲ್ಲಿ ಹಾಗೂ 2022ರ ನಂತರ ಉಕ್ರೇನಿನಲ್ಲಿ ಕಂಡುಬಂದಿದೆ.

ಅಮೆರಿಕದ ‘ಅಬ್ರಾಮ್ಸ್’ ಟ್ಯಾಂಕಿನಲ್ಲಿ ಇಂದಿಗೂ ಯೋಧನೇ ಗುಂಡು ತುಂಬುತ್ತಾನೆ. ಮದ್ದನ್ನು ಗೋಪುರದ ಹಿಂಭಾಗದಲ್ಲಿ, ಉಕ್ಕಿನ ಬಾಗಿಲಿನಾಚೆ ಇರಿಸಲಾಗಿದೆ. ಮದ್ದು ಸಿಡಿದಲ್ಲಿ ಮೇಲಿನ ಫಲಕಗಳು ಕಿತ್ತುಹೋಗಿ ಜ್ವಾಲೆಯು ಹೊರಗೆ ಹೋಗುತ್ತದೆ. ಫ್ರಾನ್ಸಿನ ‘ಲೆಕ್ಲೆರ್ಕ್’ ಟ್ಯಾಂಕಿನಲ್ಲಿ ಯಂತ್ರವೂ ಇದೆ, ಮದ್ದೂ ಗೋಪುರದ ಹಿಂಭಾಗದಲ್ಲಿಯೇ ಇದೆ. ಆದ್ದರಿಂದ ಅಪಾಯಕ್ಕೆ ಕಾರಣ ಯಂತ್ರವಲ್ಲ, ಮದ್ದನ್ನು ಇರಿಸುವ ಸ್ಥಳ ಎಂಬುದನ್ನು ಗಮನಿಸತಕ್ಕದ್ದು.

ರಕ್ಷಣಾ ವ್ಯವಸ್ಥೆ

1. ಸಂಯುಕ್ತ ಕವಚ: ಉಕ್ಕಿನೊಂದಿಗೆ ಬೇರೆ ವಸ್ತುಗಳ ಪದರಗಳನ್ನು ಸೇರಿಸಲಾಗುತ್ತದೆ. ಆವಡಿಯಲ್ಲಿ ತಯಾರಾಗುವ ನಮ್ಮ ‘ಅರ್ಜುನ್’ ಟ್ಯಾಂಕಿನ ‘ಕಾಂಚನ್’ ಕವಚಕ್ಕೆ ಹೈದರಾಬಾದಿನ ಕಾಂಚನ್‌ಬಾಗ್‌ನಿಂದ ಹೆಸರು ಬಂದಿದೆ. ಈ ಟ್ಯಾಂಕಿನಲ್ಲಿ ನಾಲ್ವರು ಯೋಧರಿದ್ದು, ಗುಂಡನ್ನು ಕೈಯಿಂದಲೇ ತುಂಬಲಾಗುತ್ತದೆ.

2. ಪ್ರತಿಸ್ಫೋಟಕ ಕವಚ: ಎರಡು ಲೋಹದ ಹಾಳೆಗಳ ನಡುವೆ ಸ್ಫೋಟಕವನ್ನಿರಿಸಿದ ಇಟ್ಟಿಗೆಯಾಕಾರದ ಪೆಟ್ಟಿಗೆಗಳು. ಕ್ಷಿಪಣಿ ತಾಗಿದೊಡನೆ ಇವು ಸಿಡಿದು ಅದರ ಭೇದಕ ಶಕ್ತಿಯನ್ನು ಕುಗ್ಗಿಸುತ್ತವೆ.

3. ಸಕ್ರಿಯ ರಕ್ಷಣೆ: ರಾಡಾರ್ ಮೂಲಕ ಕ್ಷಿಪಣಿಯನ್ನು ಗುರುತಿಸಿ, ಅದು ತಲುಪುವ ಮುನ್ನವೇ ನಾಶಪಡಿಸುವುದು. ಇಸ್ರೇಲಿನ ‘ಟ್ರೋಫಿ’ ಇದಕ್ಕೆ ಉದಾಹರಣೆ.

4. ಮೊದಲು ಕಾಣುವುದು: ಶತ್ರುವನ್ನು ಮೊದಲು ಕಂಡವನಿಗೆ ಪೆಟ್ಟು ತಪ್ಪಿಸಿಕೊಳ್ಳುವ ಅವಕಾಶವಿರುತ್ತದೆ. ಟಿ-90 ಟ್ಯಾಂಕ್ ಮುಖ್ಯಸ್ಥರ ವೀಕ್ಷಣಾ ಸಾಧನವನ್ನು ಉಷ್ಣ ಚಿತ್ರಣ ತಂತ್ರಜ್ಞಾನದಿಂದ ಸುಧಾರಿಸಲು 2022ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳಲಾಯಿತು.

ಟ್ಯಾಂಕಿನ ಕವಚವು ಮುಂಭಾಗದಲ್ಲಿ ದಪ್ಪವಾಗಿಯೂ ಮೇಲ್ಭಾಗದಲ್ಲಿ ತೆಳುವಾಗಿಯೂ ಇರುತ್ತದೆ. ಈಚಿನ ಯುದ್ಧಗಳಲ್ಲಿ ಡ್ರೋನ್‌ಗಳು ಮೇಲಿನಿಂದಲೇ ಎರಗುತ್ತಿರುವುದರಿಂದ ಗೋಪುರದ ಮೇಲೆ ಜಾಲರಿ ಅಳವಡಿಸುವ ರೂಢಿ ಬಂದಿದೆ.

ಟ್ಯಾಂಕ್ ನಾಶವಾದರೆ ಮತ್ತೊಂದನ್ನು ತಯಾರಿಸಬಹುದು. ತರಬೇತಿ ಪಡೆದ ಯೋಧನನ್ನು ಮರಳಿ ಪಡೆಯಲಾಗದು. ಮಡಿಕೇರಿಯ ಟ್ಯಾಂಕನ್ನು ವೀಕ್ಷಿಸುವವರು ಫಿರಂಗಿಯ ಉದ್ದದ ಜೊತೆಗೆ, ಆ ಗೋಪುರದಲ್ಲಿ ಮದ್ದಿನ ಪಕ್ಕದಲ್ಲಿಯೇ ಕುಳಿತು ಕಾದಾಡಿದವರ ಸ್ಥಿತಿಯನ್ನೂ ಗಮನಕ್ಕೆ ತಂದುಕೊಳ್ಳುವುದು ಸೂಕ್ತವಾಗಿರುತ್ತದೆ.