ಒಂದು ವಜ್ರ, ಹಲವು ಕಾಲ

ಕಥೆ ನಡೆದ ಕ್ರಮ ಬೇರೆ, ಅದನ್ನು ಹೇಳುವ ಕ್ರಮ ಬೇರೆ. ಅಜ್ಜಿಯ ಕಥೆಗಳಲ್ಲಿ ಇವೆರಡೂ ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಪತ್ತೇದಾರಿ ಕಾದಂಬರಿಯಲ್ಲಾದರೋ ಎಂದೋ ನಡೆದ ಕೃತ್ಯವೊಂದು ನೂರಾರು ಪುಟಗಳ ಅನಂತರ ಬೆಳಕಿಗೆ ಬರುತ್ತದೆ. ಹಲವು ಕಾಲಗಳಲ್ಲಿ ಹರಡಿದ ಇಂತಹ ಕಥೆಯನ್ನು ಓದುವ ಬಗೆಯನ್ನು ಅರಿಯಲು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಒಳ್ಳೆಯ ನಿದರ್ಶನ. ಇದು 1868ರಲ್ಲಿ ಚಾರ್ಲ್ಸ್ ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು.

ಈ ಇಂಗ್ಲಿಷ್ ಕಾದಂಬರಿ ಆರಂಭವಾಗುವುದು ಕನ್ನಡನಾಡಿನ ನೆಲದಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನನು ಮಡಿದನು. ಇಷ್ಟು ಇತಿಹಾಸ. ಆ ಕೋಲಾಹಲದಲ್ಲಿ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿಯು, ಹಿಂದೆ ಸೋಮನಾಥದ ಚಂದ್ರದೇವನ ಹಣೆಯನ್ನು ಅಲಂಕರಿಸಿದ್ದ ಹಳದಿ ವಜ್ರವೊಂದನ್ನು ಅಪಹರಿಸಿದನೆಂಬುದು ಕಾಲಿನ್ಸನ ಕಲ್ಪನೆ. ಅದನ್ನು ಕಾಯುತ್ತಿದ್ದ ಮೂವರು ಹತರಾದರು. ಇದನ್ನು ತಿಳಿಸುವುದು ಅಧಿಕಾರಿಯ ಬಂಧುವೊಬ್ಬನ ಪತ್ರ. ರಕ್ತ ತೊಟ್ಟಿಕ್ಕುವ ಕಠಾರಿಯನ್ನು ಹರ್ನ್‌ಕ್ಯಾಸಲನ ಕೈಯಲ್ಲಿ ಆತ ಕಂಡಿದ್ದಾನೆ, ಕೊಂದುದನ್ನು ಕಂಡಿಲ್ಲ. ಅದನ್ನು ಮುಚ್ಚಿಡದೆ ಬರೆಯುತ್ತಾನೆ.

ಪುಟ ತಿರುವಿದೊಡನೆ ಕಥೆ ಅರ್ಧ ಶತಮಾನವನ್ನು ದಾಟಿ ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬರುತ್ತದೆ. 1848ರ ಜೂನ್ 21, ರೇಚಲ್ ವೆರಿಂಡರ್ ಎಂಬ ತರುಣಿಯ 18ನೆಯ ಹುಟ್ಟುಹಬ್ಬ. ಸೋದರಮಾವ ಹರ್ನ್‌ಕ್ಯಾಸಲನ ಉಯಿಲಿನಂತೆ ವಜ್ರ ಅವಳ ಕೈಸೇರುತ್ತದೆ. ಅಂದಿನ ರಾತ್ರಿಯೇ ಕಾಣೆಯಾಗುತ್ತದೆ. ಇದನ್ನು ಹೇಳುವವನು ಆ ಮನೆಯ ಪಾರುಪತ್ಯಗಾರ, ಮುದುಕ ಬೆಟರೆಜ್. ಆದರೆ ಅವನು ಲೇಖನಿ ಹಿಡಿದದ್ದು 1850ರಲ್ಲಿ! ಅಷ್ಟರಲ್ಲಿ ರಹಸ್ಯವೆಲ್ಲ ಬಯಲಾಗಿದೆ. ಆದರೂ ಅವನು ಅದನ್ನು ಮೊದಲೇ ಹೇಳುವಂತಿಲ್ಲ. ಬರೆಯುವ ಪ್ರತಿಯೊಬ್ಬರೂ, ನ್ಯಾಯಾಲಯದ ಸಾಕ್ಷಿಯಂತೆ, ಅಂದು ತಾವು ಸ್ವತಃ ಅರಿತಿದ್ದಷ್ಟನ್ನೇ ತಿಳಿಸಬೇಕೆಂಬುದು ನಿಯಮ. ಕುಮಾರಿ ಕ್ಲಾಕ್ ಎಂಬಾಕೆ ತಾನು ಅನಂತರ ಅರಿತದ್ದನ್ನೂ ಸೇರಿಸಲು ಬಯಸುತ್ತಾಳೆ, ಅನುಮತಿ ದೊರೆಯುವುದಿಲ್ಲ. ಆದುದರಿಂದ ಘಟನೆ ನಡೆದ ಕಾಲ ಯಾವುದು, ಬರೆದ ಕಾಲ ಯಾವುದು ಎಂಬುದನ್ನು ಓದುಗನು ಸದಾ ನೆನಪಿನಲ್ಲಿಡಬೇಕು.

ಕೆಲವೊಮ್ಮೆ ಗಡಿಯಾರವೇ ಸುಳಿವಾಗುತ್ತದೆ. ರೇಚಲಳ ಕೋಣೆಯ ಬಾಗಿಲಿಗೆ ಹಚ್ಚಿದ ಬಣ್ಣ ಒಂದೆಡೆ ಕದಡಿದೆ. ಮಾರನೆಯ ದಿನ ಬೆಳಗ್ಗೆ 11 ಗಂಟೆಗೆ ಸೇವಕಿಯರ ಉಡುಪು ತಗಲಿ ಹಾಗಾಯಿತೆಂದು ಮೊದಲು ಬಂದ ಪೊಲೀಸ್ ಅಧಿಕಾರಿ ತೀರ್ಮಾನಿಸಿದ್ದನು. ಪತ್ತೇದಾರ ಕಫ್ ಹಾಗೆ ಬಿಡಲಿಲ್ಲ. ಬಣ್ಣ ಹಚ್ಚಿದ್ದು ಹಿಂದಿನ ದಿನ ಮಧ್ಯಾಹ್ನ 3ಕ್ಕೆ. ಅದು ಒಣಗಲು ಬೇಕಾದದ್ದು 12 ಗಂಟೆ. ಅಂದರೆ 11 ಗಂಟೆಯ ವೇಳೆಗೆ ಅದು ಒಣಗಿ 8 ಗಂಟೆ ಕಳೆದಿತ್ತು! ಮಧ್ಯರಾತ್ರಿಯಲ್ಲಿ ಅದು ಕದಡಿರಲಿಲ್ಲವೆಂಬುದಕ್ಕೆ ಸಾಕ್ಷಿ ದೊರೆಯುತ್ತದೆ. ಹಾಗಾದರೆ ಆ ಮೂರು ಗಂಟೆಗಳೊಳಗೆ ಬಾಗಿಲನ್ನು ದಾಟಿದವರು ಯಾರು? ಅದನ್ನು ಇಲ್ಲಿ ಹೇಳಿದರೆ ಕಾಲಿನ್ಸನಿಗೆ ದ್ರೋಹ ಬಗೆದಂತಾಗುತ್ತದೆ.

ವಜ್ರ ಹೋದೊಡನೆ ಮನೆಯವರ ಸಂಶಯ ಬಿದ್ದದ್ದು ಗಾರುಡಿಗರ ವೇಷದಲ್ಲಿ ಸುಳಿದಾಡುತ್ತಿದ್ದ ಮೂವರು ಭಾರತೀಯರ ಮೇಲೆ. ಆ ರಾತ್ರಿ ಅವರು ಬೇರೆಡೆ ಇದ್ದುದು ಸಿದ್ಧವಾದರೂ ಅಲೆಮಾರಿಗಳೆಂಬ ನೆಪದಿಂದ ಅವರನ್ನು ಸೆರೆಯಲ್ಲಿಡಲಾಯಿತು. ಕಥೆಯನ್ನು 1848ರಿಂದ ಎಣಿಸಿದರೆ ಅವರು ಪರರ ಒಡವೆಗೆ ಆಸೆಪಟ್ಟವರು. 1799ರಿಂದ ಎಣಿಸಿದರೆ ತಮ್ಮ ದೇವರ ಒಡವೆಯನ್ನು ಮರಳಿ ಪಡೆಯಲು ಸಮುದ್ರ ದಾಟಿ ಬಂದವರು. ಕಾದಂಬರಿ ಮುಗಿಯುವುದು 1850ರಲ್ಲಿ, ಭಾರತದಲ್ಲಿ ಸಂಚರಿಸುತ್ತಿದ್ದ ಆಂಗ್ಲ ಪ್ರವಾಸಿಯೊಬ್ಬನ ಪತ್ರದಿಂದ. ಶ್ರೀರಂಗಪಟ್ಟಣದ ಆ ಮೊದಲ ಪತ್ರವನ್ನು ಮರೆತವನು ಇದನ್ನು ಓದುವಾಗ ಮತ್ತೆ ಮೊದಲ ಪುಟಗಳಿಗೆ ಮರಳಬೇಕಾಗುತ್ತದೆ.