ಮಗುವಿನ ಆರೋಗ್ಯವನ್ನು ತೂಗುವ ತಕ್ಕಡಿ

ಮಗುವಿನ ಪ್ರಾಣಕ್ಕೆ ಬೆಲೆ ಕಟ್ಟಲಾಗದು ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಚಿಕಿತ್ಸೆಗೆ ಬೆಲೆಯುಂಟು. ಆ ಬೆಲೆಯನ್ನು ತೆರುವ ಬೊಕ್ಕಸಕ್ಕೆ ಮಿತಿಯೂ ಉಂಟು. ಮನೆಯದಾಗಲಿ, ಸರ್ಕಾರದ್ದಾಗಲಿ, ಒಂದೆಡೆ ವ್ಯಯವಾದ ಹಣ ಮತ್ತೊಂದೆಡೆಗೆ ಒದಗದು. ಆದುದರಿಂದ ತೆತ್ತ ಹಣಕ್ಕೆ ಎಷ್ಟು ಆರೋಗ್ಯ ಲಭಿಸಿತೆಂದು ತೂಗುವ ಶಾಸ್ತ್ರವೊಂದು ಬೆಳೆದಿದೆ. ಅದನ್ನು ಆರೋಗ್ಯ ಅರ್ಥಶಾಸ್ತ್ರವೆನ್ನುತ್ತಾರೆ.

ಬೆಲೆ ಹೆಚ್ಚಾದಷ್ಟೂ ಚಿಕಿತ್ಸೆ ಶ್ರೇಷ್ಠವೆಂದು ತಿಳಿಯುವವರಿಗೆ 1971ರ ಒಂದು ಪ್ರಸಂಗ ಕಣ್ತೆರೆಸುವಂಥದು. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾಗಳನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಮರಣ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಮನೆಯವರೇ ಕುಡಿಸಬಹುದಾದ ಆ ಅಗ್ಗದ ದ್ರಾವಣವೇ ಇಂದಿನ ಓ.ಆರ್.ಎಸ್. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡೋಣ. ಶಿಶುಗಳ ಸ್ನಾಯುಗಳನ್ನು ಕ್ಷೀಣಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ವಂಶವಾಹಿ ರೋಗಕ್ಕೆ ಜೊಲ್ಗೆನ್ಸ್ಮಾ ಎಂಬ ಔಷಧ 2019ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು. ಒಮ್ಮೆ ಮಾತ್ರ ಕೊಡುವ ಈ ಮದ್ದಿಗೆ ಅಂದು ನಿಗದಿಯಾದ ಬೆಲೆ 21 ಲಕ್ಷ 25 ಸಾವಿರ ಡಾಲರ್! ಇಷ್ಟು ದುಬಾರಿಯೆಂದು ಇದನ್ನು ತಳ್ಳಿಹಾಕಬೇಕೆ? ಇಂಗ್ಲೆಂಡ್ ತಳ್ಳಿಹಾಕಲಿಲ್ಲ. ಪ್ರಯೋಜನವನ್ನು ತೂಗಿ, ತಯಾರಕರಿಂದ ರಿಯಾಯಿತಿ ಪಡೆದು, 2021ರಲ್ಲಿ ತನ್ನ ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿಸಿಕೊಂಡಿತು. ತೂಗಬಲ್ಲವನಿಗೆ ಚೌಕಾಸಿಯೂ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಈ ತೂಕದ ಕಲ್ಲು ಯಾವುದು? ಪೂರ್ಣ ಆರೋಗ್ಯದಿಂದ ಬಾಳಿದ ಒಂದು ವರ್ಷಕ್ಕೆ 1, ಮರಣಕ್ಕೆ 0. ನೋವು ಅಶಕ್ತತೆಗಳಿಂದ ಕಳೆದ ವರ್ಷಕ್ಕೆ ಸಾಮಾನ್ಯವಾಗಿ ಇವೆರಡರ ನಡುವಿನ ಅಂಕ. ಚಿಕಿತ್ಸೆಯಿಂದ ಇಂತಹ ಎಷ್ಟು ವರ್ಷಗಳು ಹೆಚ್ಚಿದವು, ಪ್ರತಿ ವರ್ಷಕ್ಕೆ ಎಷ್ಟು ವೆಚ್ಚವಾಯಿತು ಎಂಬುದೇ ಲೆಕ್ಕ.

ಆದರೆ ವಯಸ್ಕರಿಗಾಗಿ ಮಾಡಿದ ಈ ಕಲ್ಲು ಮಕ್ಕಳಿಗೆ ಸರಿಹೊಂದದು. ಮೊದಲನೆಯದಾಗಿ, ತನ್ನ ನೋವು ಎಷ್ಟೆಂದು ಹಸುಳೆ ಹೇಳಲಾರದು. ತಾಯಿತಂದೆಯರ ಊಹೆಯೇ ಆಧಾರ. ಸುಮಾರು 8 ವರ್ಷ ದಾಟಿದ ಮಕ್ಕಳು ತಾವೇ ಉತ್ತರಿಸುವಂತಹ ಸರಳ ಪ್ರಶ್ನಾವಳಿಗಳು ಈಗ ಬಂದಿವೆ. ಎರಡನೆಯದಾಗಿ, ಮುಂದೆ ದೊರೆಯುವ ಲಾಭವನ್ನು ಅರ್ಥಶಾಸ್ತ್ರಜ್ಞರು ವರ್ಷ ವರ್ಷಕ್ಕೂ ತಗ್ಗಿಸಿ ಎಣಿಸುತ್ತಾರೆ. ವರ್ಷಕ್ಕೆ ಶೇ. 3.5ರಂತೆ ತಗ್ಗಿಸಿದರೆ, 50 ವರ್ಷಗಳ ನಂತರದ 100 ಪಾಲು ಆರೋಗ್ಯ ಇಂದಿಗೆ 18 ಪಾಲು ಮಾತ್ರ! ಇಂದು ಹಾಕಿದ ಲಸಿಕೆಯ ಫಲವನ್ನು ಬಾಳಿನುದ್ದಕ್ಕೂ ಉಣ್ಣುವ ಮಗುವಿಗೆ ಇದರಿಂದ ಅನ್ಯಾಯವಾಗಬಹುದು. ಮೂರನೆಯದಾಗಿ, ಹಾಸಿಗೆಯ ಬಳಿ ಕುಳಿತ ತಾಯಿ ಕಳೆದುಕೊಂಡ ಕೂಲಿ, ಅಣ್ಣತಂಗಿಯರಿಗೆ ತಪ್ಪಿದ ಶಾಲೆ ಅನೇಕ ಲೆಕ್ಕಗಳಲ್ಲಿ ಸೇರುವುದೇ ಇಲ್ಲ. ತಕ್ಕಡಿಯನ್ನು ಬಿಸುಡಬೇಕಾಗಿಲ್ಲ, ಮಗುವಿಗೆ ತಕ್ಕಂತೆ ತಿದ್ದಿಕೊಳ್ಳಬೇಕು.

ನಮ್ಮ ದೇಶದಲ್ಲಿಯೂ ಚಿಕಿತ್ಸೆಗಳನ್ನು ಹೀಗೆ ಮೌಲ್ಯಮಾಪನ ಮಾಡಲು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯು 2017ರಲ್ಲಿ ವ್ಯವಸ್ಥೆಯೊಂದನ್ನು ರೂಪಿಸಿತು. ಅದರ ತೀರ್ಮಾನಗಳಲ್ಲಿ ಮಕ್ಕಳ ದನಿಯೂ ಕೇಳಿಬರಲೆಂದು ನಾವು ಆಶಿಸೋಣ.

ಗೃಹಸ್ಥರಾದ ನಮಗೂ ಇದರಲ್ಲಿ ಪಾಠವಿದೆ. ವೈದ್ಯರು ದುಬಾರಿ ಮದ್ದು ಬರೆದಾಗ, ಇದರಿಂದ ಮಗುವಿಗಾಗುವ ಹಿತವೇನು, ಅದು ಎಷ್ಟು ಕಾಲ ನಿಲ್ಲುವುದು, ಇಷ್ಟೇ ಗುಣವುಳ್ಳ ಅಗ್ಗದ ಮದ್ದು ಉಂಟೇ ಎಂದು ವಿನಯದಿಂದ ಕೇಳಲು ಸಂಕೋಚಬೇಡ. ಸರ್ಕಾರ ಉಚಿತವಾಗಿ ನೀಡುವ ಲಸಿಕೆಗಳನ್ನು ಒಂದೂ ತಪ್ಪದಂತೆ ಹಾಕಿಸೋಣ. ಓ.ಆರ್.ಎಸ್. ಪೊಟ್ಟಣವೊಂದು ಮನೆಯಲ್ಲಿ ಸದಾ ಇರಲಿ. ಭೇದಿಯಾದಾಗ ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಕುಡಿಸೋಣ. ಕೂಸು ಮಂಕಾದರೆ, ಕುಡಿಯದಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯೋಣ. ಅಲ್ಪ ವೆಚ್ಚದಲ್ಲಿ ದೀರ್ಘ ಆಯುಸ್ಸು ಕೊಡುವ ಚಿಕಿತ್ಸೆಗಳು ನಮ್ಮ ಕೈಗೆಟಕುವಲ್ಲಿಯೇ ಇವೆ.