ಮನೆಯ ಹೊಲಿಗೆ ಯಂತ್ರದಲ್ಲೇ ಟ್ರೆಕ್ಕಿಂಗ್ ಟಾರ್ಪ್: 400 ಗ್ರಾಂ ತೂಕದ ಸೂರು ಹೊಲಿಯುವುದು ಹೇಗೆ?

ಮಳೆಗಾಲ ಮುಗಿಯುತ್ತಿದ್ದಂತೆ ಪುಣೆ, ಮುಂಬೈಯವರು ಸಹ್ಯಾದ್ರಿಯ ಕಡೆಗೂ, ದೆಹಲಿಯವರು ಹಿಮಾಲಯದ ಕಡೆಗೂ ಹೊರಡುತ್ತಾರೆ. ಬೆನ್ನ ಮೇಲಿನ ಚೀಲದಲ್ಲಿ ಜಾಗ ಮತ್ತು ತೂಕ ಎರಡನ್ನೂ ಹೆಚ್ಚು ನುಂಗುವುದು ಟೆಂಟ್. ಇಬ್ಬರು ಮಲಗುವ ಸಾಮಾನ್ಯ ಟೆಂಟ್ 2ರಿಂದ 3 ಕೆ.ಜಿ. ಇರುತ್ತದೆ. ಹತ್ತುವಾಗ ಇದು ಹೆಗಲಿಗೆ ಭಾರ, ಇಳಿಯುವಾಗ ಮೊಣಕಾಲಿಗೆ ಪೆಟ್ಟು. ಒಂದು ಕೆ.ಜಿ.ಗಿಂತ ಕಡಿಮೆ ತೂಗುವ ವಿದೇಶಿ ಟೆಂಟ್‌ಗಳಿವೆ ನಿಜ, ಆದರೆ ಅವುಗಳ ಬೆಲೆ ಕೇಳಿದರೆ ಟ್ರೆಕ್ಕಿಂಗ್ ಆಸೆಯೇ ಬಿಟ್ಟುಹೋಗಬಹುದು. ಹಾಗಾದರೆ ಬೇರೆ ದಾರಿ? ಮನೆಯ ಮೂಲೆಯಲ್ಲಿರುವ ಹೊಲಿಗೆ ಯಂತ್ರ.

ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ ತಮ್ಮ 67ನೇ ವಯಸ್ಸಿನಲ್ಲಿ 3,000 ಕಿ.ಮೀ.ಗೂ ಉದ್ದದ ಅಪಲೇಶಿಯನ್ ಟ್ರೇಲ್ ಅನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲಲ್ಲಿದ್ದದ್ದು ತಾವೇ ಹೊಲಿದ ಡೆನಿಮ್ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಆಮೇಲೆ ಬಂದವರು ರೇ ಜಾರ್ಡಿನ್. ಬಾಹ್ಯಾಕಾಶ ಕ್ಷೇತ್ರದಲ್ಲಿ ಎಂಜಿನಿಯರ್ ಆಗಿದ್ದ ಅವರು ಸುಮಾರು 4,200 ಕಿ.ಮೀ. ಉದ್ದದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅನ್ನು ಪತ್ನಿಯೊಂದಿಗೆ ಒಂದಕ್ಕಿಂತ ಹೆಚ್ಚು ಬಾರಿ ನಡೆದರು. ಟೆಂಟ್ ಬದಲು ಟಾರ್ಪ್, ಸ್ಲೀಪಿಂಗ್ ಬ್ಯಾಗ್ ಬದಲು ರಜಾಯಿ, ಕಂಬಿಯಿಲ್ಲದ ಹಗುರ ಚೀಲ, ಎಲ್ಲವೂ ಸ್ವಂತ ಹೊಲಿಗೆ. 1992ರಲ್ಲಿ ಬಂದ ಅವರ ಕೈಪಿಡಿ ಹಗುರ ಚಾರಣಕ್ಕೆ ಹೊಸ ದಿಕ್ಕು ಕೊಟ್ಟಿತು.

ಬಟ್ಟೆಯಲ್ಲೇ ಇದೆ ಎಲ್ಲಾ

ಇಲ್ಲಿ ಎರಡು ಮಾತು ತಿಳಿದಿರಬೇಕು. ಮೊದಲನೆಯದು ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಹಗುರ ಟಾರ್ಪ್‌ಗೆ 20ರಿಂದ 30 ಡೆನಿಯರ್ ಸಾಕು. ಎರಡನೆಯದು ರಿಪ್‌ಸ್ಟಾಪ್. ಬಟ್ಟೆಯಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಕಾಣುವ ದಪ್ಪ ಎಳೆಗಳಿವು, ಒಂದು ಕಡೆ ಹರಿದರೆ ಹರಿತ ಮುಂದಕ್ಕೆ ಓಡದಂತೆ ತಡೆಯುತ್ತವೆ.

ನೈಲಾನ್‌ಗೆ ಎರಡೂ ಬದಿ ಸಿಲಿಕೋನ್ ಲೇಪಿಸಿದರೆ ಅದು ಸಿಲ್‌ನೈಲಾನ್, ಚದರ ಮೀಟರ್‌ಗೆ ಸುಮಾರು 45 ಗ್ರಾಂ. ಗಟ್ಟಿಯಾದ ಬಟ್ಟೆ, ಆದರೆ ನೆನೆದರೆ ನೈಲಾನ್ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಟಾರ್ಪ್ ನಡುರಾತ್ರಿ ಮಳೆಗೆ ಜೋತುಬಿದ್ದು ಮುಖಕ್ಕೆ ತಾಗುವುದು ಇದೇ ಕಾರಣಕ್ಕೆ. ಪಾಲಿಯೆಸ್ಟರ್‌ನಲ್ಲಿ ಈ ಕಾಟ ತೀರಾ ಕಡಿಮೆ. ನಮ್ಮ ಮಳೆಯ ರೀತಿ ನೋಡಿದರೆ ಸಿಲಿಕೋನ್ ಲೇಪದ ಪಾಲಿಯೆಸ್ಟರೇ ಜಾಣತನ ಎನ್ನಬೇಕು. ಇವೆರಡೂ ಸಿಗದಿದ್ದರೆ ರೇನ್‌ಕೋಟ್, ಬ್ಯಾಗ್ ಬಟ್ಟೆ ಮಾರುವ ಸಗಟು ಅಂಗಡಿಗಳಲ್ಲಿ ಪಿಯು ಲೇಪದ ರಿಪ್‌ಸ್ಟಾಪ್ ಕೇಳಿ. ತುಸು ಭಾರ. ಒದ್ದೆಯಾಗಿಯೇ ಮಡಚಿಟ್ಟರೆ ಕೆಲವು ವರ್ಷಗಳಲ್ಲಿ ಲೇಪ ಅಂಟಂಟಾಗಿ ವಾಸನೆ ಬರುತ್ತದೆ ಎಂಬುದೂ ಗೊತ್ತಿರಲಿ. ಡೈನೀಮಾ ಎಂಬ ಇನ್ನೂ ಹಗುರವಾದ ಬಟ್ಟೆಯ ಹೆಸರು ಕೇಳಿರಬಹುದು. ಅದು ದುಬಾರಿ, ಸೂಜಿ ತೂತುಗಳು ಎಳೆತಕ್ಕೆ ಅಗಲವಾಗುವುದರಿಂದ ಹೊಲಿಯುವುದಕ್ಕಿಂತ ಟೇಪ್‌ನಿಂದ ಅಂಟಿಸುವುದೇ ಹೆಚ್ಚು. ಮೊದಲ ಪ್ರಯತ್ನಕ್ಕೆ ಅದರ ಹತ್ತಿರ ಹೋಗಬೇಡಿ.

ಅಂಗಡಿಯವರು 'ವಾಟರ್‌ಪ್ರೂಫ್' ಎಂದ ಮಾತ್ರಕ್ಕೆ ನಂಬಬೇಕಿಲ್ಲ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಗಾಳಿ ಆಚೆ ಹೋದರೆ ಬೇಡ.

ಕತ್ತರಿಯಿಂದ ಹೊಲಿಗೆವರೆಗೆ

150 ಸೆಂ.ಮೀ. ಅಗಲದ ಬಟ್ಟೆ ಆರೂವರೆ ಮೀಟರ್ ತನ್ನಿ. ತಲಾ 3.1 ಮೀಟರ್‌ನ ಎರಡು ತುಂಡು ಮಾಡಿ ಉದ್ದಕ್ಕೆ ಜೋಡಿಸಿದರೆ, ಅಂಚು ಮಡಚಿದ ಮೇಲೆ ಸುಮಾರು 3 ಮೀಟರ್ ಉದ್ದ, 2.9 ಮೀಟರ್ ಅಗಲದ ಹೊದಿಕೆ ಸಿಗುತ್ತದೆ. 45 ಗ್ರಾಂನ ಬಟ್ಟೆಯಾದರೆ ಒಟ್ಟು 400 ಗ್ರಾಂ ಆಸುಪಾಸು, ಹಗ್ಗ ಮತ್ತು ಗೂಟ ಬೇರೆ. ಇಬ್ಬರು ಆರಾಮವಾಗಿ ಮಲಗಬಹುದು. ಕಂಬ ಬೇಕಿಲ್ಲ, ಎರಡು ಮರ ಅಥವಾ ಎರಡು ಟ್ರೆಕ್ಕಿಂಗ್ ಕೋಲು ಸಾಕು.

ನಡುವಿನ ಜೋಡಣೆ ಮನೆಯ ಸೂರಿನ ತೊಲೆಯಿದ್ದಂತೆ, ಎಲ್ಲಾ ಎಳೆತ ಅದರ ಮೇಲೆ. ಸಾದಾ ಹೊಲಿಗೆ ಇಲ್ಲಿ ನಡೆಯುವುದಿಲ್ಲ. ಜೀನ್ಸ್ ಪ್ಯಾಂಟಿನ ಕಾಲಿನ ಉದ್ದಕ್ಕೂ ಎರಡು ಸಾಲು ಹೊಲಿಗೆ ನೋಡಿದ್ದೀರಲ್ಲ, ಅದೇ ಬೇಕು. ಒಂದು ತುಂಡಿನ ಅಂಚು ಇನ್ನೊಂದಕ್ಕಿಂತ ಒಂದು ಸೆಂ.ಮೀ. ಹೊರಗಿರುವಂತೆ ಇಟ್ಟು ಮೊದಲ ಸಾಲು ಹಾಕಿ. ಉದ್ದದ ಅಂಚನ್ನು ಗಿಡ್ಡದ ಅಂಚಿನ ಮೇಲೆ ಮಡಚಿ, ಎರಡನ್ನೂ ಒಂದೇ ಪಕ್ಕಕ್ಕೆ ಮಲಗಿಸಿ ಎರಡನೇ ಸಾಲು ಹಾಕಿ. ಕತ್ತರಿಸಿದ ಅಂಚೆಲ್ಲಾ ಒಳಗೆ ಸೇರಿಕೊಳ್ಳುವುದರಿಂದ ನೂಲು ಬಿಚ್ಚುವುದಿಲ್ಲ.

ಸಿಲಿಕೋನ್ ಬಟ್ಟೆ ಮೀನಿನಂತೆ ಜಾರುತ್ತದೆ. ಗುಂಡುಸೂಜಿ ಚುಚ್ಚಿದಲ್ಲೆಲ್ಲಾ ತೂತು ಉಳಿಯುತ್ತದೆ, ಹಾಗಾಗಿ ಹೊಲಿಗೆ ದಾಟಿ ಚುಚ್ಚಬೇಡಿ. ಬಟ್ಟೆಯ ಕ್ಲಿಪ್ ಬಳಸಿ. ಸೂಜಿ ಹೊಸದಿರಲಿ, ನಮ್ಮ ಯಂತ್ರಗಳ ಲೆಕ್ಕದಲ್ಲಿ 11ನೇ ನಂಬರ್. ಹೊಲಿಗೆಯ ಉದ್ದ 3 ಮಿ.ಮೀ.ಗೆ ಕಡಿಮೆ ಬೇಡ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂಬುದು ತೆಳು ಬಟ್ಟೆಗೆ ಅನ್ವಯಿಸುವುದಿಲ್ಲ, ಅಂಚೆಚೀಟಿಯ ಅಂಚಿನಂತೆ ಅಲ್ಲೇ ಹರಿಯುತ್ತದೆ. ದಾರ ಪಾಲಿಯೆಸ್ಟರ್‌ದೇ ಆಗಬೇಕು, ಹತ್ತಿ ದಾರ ನೀರು ಹೀರಿ ಕೊಳೆಯುತ್ತದೆ. ಹಳೆಯ ಕಾಲುತುಳಿತದ ಯಂತ್ರವೂ ಆದೀತು. ಅದರ ನಿಧಾನವೇ ಇಲ್ಲಿ ಅನುಕೂಲ.

ನಾಲ್ಕು ಮೂಲೆ, ತೊಲೆಯ ಎರಡು ತುದಿ, ಉದ್ದದ ಅಂಚುಗಳ ನಡುವೆ ಹಗ್ಗದ ಕುಣಿಕೆಗಳು ಬೇಕು. ಗಾಳಿ ಮೊದಲು ಕೀಳುವುದು ಇವನ್ನೇ. ಅಲ್ಲಿ ದಪ್ಪ ಬಟ್ಟೆಯ ತೇಪೆ ಕೊಟ್ಟು, ಬ್ಯಾಗ್ ಹೊಲಿಯುವವರ ನೈಲಾನ್ ಪಟ್ಟಿಯನ್ನು ಮಡಚಿ, ಹಿಂದೆ ಮುಂದೆ ನಾಲ್ಕೈದು ಬಾರಿ ಹೊಲಿಯಿರಿ. ಪಟ್ಟಿಯ ತುದಿಯನ್ನು ಮೇಣದಬತ್ತಿಯ ಉರಿಗೆ ಒಮ್ಮೆ ತೋರಿಸಿದರೆ ಎಳೆ ಬಿಡುವುದಿಲ್ಲ. ತೊಲೆಯನ್ನು ತೂಗುವ ಸರಪಳಿಯ ಆಕಾರದಲ್ಲಿ ತುಸು ಬಾಗಿಸಿ ಕತ್ತರಿಸುವ ಪದ್ಧತಿಯೂ ಇದೆ, ಆಗ ಬಟ್ಟೆ ಸುಕ್ಕಿಲ್ಲದೆ ನಿಲ್ಲುತ್ತದೆ. ಮೊದಲ ಟಾರ್ಪ್‌ಗೆ ಆ ತಲೆನೋವು ಬೇಡ.

ಸೋರಿದರೆ ಏನಾಗುತ್ತದೆ?

ಸೂಜಿ ಹೋದ ಪ್ರತಿ ಜಾಗವೂ ತೂತು. ಮೂರು ಮೀಟರ್ ತೊಲೆಯ ಎರಡು ಸಾಲಿನಲ್ಲಿ ಸುಮಾರು 2,000 ತೂತುಗಳಿರುತ್ತವೆ! ಸಿಲಿಕೋನ್ ಬಟ್ಟೆಗೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟುವುದಿಲ್ಲ. ಕಿಟಕಿ ಗಾಜಿಗೆ ಹಾಕುವ ಬಣ್ಣವಿಲ್ಲದ ಸಿಲಿಕೋನ್ ಸೀಲೆಂಟ್ ತಂದು, ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕದಡಿ, ಬ್ರಷ್‌ನಿಂದ ಹೊಲಿಗೆಯ ಮೇಲೆ ಬಳಿಯಿರಿ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಮಾಡುವ ಕೆಲಸ ಇದು. ಒಂದು ದಿನ ಒಣಗಿಸಿ ಟಾಲ್ಕಂ ಪುಡಿ ಉದುರಿಸಿದರೆ ಮಡಿಕೆಗಳು ಒಂದಕ್ಕೊಂದು ಅಂಟವು. ಪಿಯು ಬಟ್ಟೆಗೆ ಅದರದ್ದೇ ಸೀಲರ್ ಬೇರೆ ಇದೆ.

ಈ ಹಂತವನ್ನು ಬಿಡುವವರೇ ಹೆಚ್ಚು. ಮನೆಯ ಹತ್ತಿರದ ಗುಡ್ಡದಲ್ಲಿ ಸೋರಿದರೆ ಒಂದು ರಾತ್ರಿ ನಿದ್ದೆ ಕೆಡುತ್ತದೆ ಅಷ್ಟೆ. 3,500 ಮೀಟರ್ ಎತ್ತರದಲ್ಲಿ ಹೊದಿಕೆ ನೆನೆದರೆ ದೇಹದ ಉಷ್ಣತೆ ಕುಸಿದು ಜೀವಕ್ಕೇ ಅಪಾಯ. ಹಾಗಾಗಿ ಟೆರೇಸ್ ಮೇಲೆ ಕಟ್ಟಿ, ಪೈಪ್‌ನಿಂದ ಅರ್ಧ ಗಂಟೆ ನೀರು ಬಿಟ್ಟು ನೋಡದೆ ಎಲ್ಲಿಗೂ ಒಯ್ಯಬೇಡಿ. ಹಿಮ ಬೀಳುವ ಕಡೆ, ಮರವಿಲ್ಲದ ಬಯಲಿನ ಬಿರುಗಾಳಿಯಲ್ಲಿ ಟಾರ್ಪ್ ಸಾಲದು, ಅಲ್ಲಿಗೆ ಒಳ್ಳೆಯ ಟೆಂಟೇ ಸರಿ. ಟಾರ್ಪ್ ಕೆಳಗೆ ಒಲೆ ಹಚ್ಚುವುದಂತೂ ಬೇಡವೇ ಬೇಡ, ಈ ಬಟ್ಟೆಗಳು ಬೆಂಕಿಗೆ ಕ್ಷಣದಲ್ಲಿ ಕರಗುತ್ತವೆ. ಸಹ್ಯಾದ್ರಿಯ ಮಳೆಗಾಲದಲ್ಲಿ ಇಂಬಳದ ಕಾಟವೂ ಇರುವುದರಿಂದ ಒಳಗೆ ಸೊಳ್ಳೆಪರದೆ ಬಟ್ಟೆಯ ಗೂಡೊಂದನ್ನು ಹೊಲಿದುಕೊಳ್ಳುವುದು ಲೇಸು.

ಮುಂದೆ ರಜಾಯಿ, ಆಮೇಲೆ ಚೀಲ

ಸ್ಲೀಪಿಂಗ್ ಬ್ಯಾಗ್‌ನಲ್ಲಿ ಬೆನ್ನಿನ ಕೆಳಗಿನ ತುಂಬು ಮೈಭಾರಕ್ಕೆ ಚಪ್ಪಟೆಯಾಗಿ ಬೆಚ್ಚಗಿಡುವುದೇ ಇಲ್ಲ. ಕೆಳಗೆ ಮ್ಯಾಟ್ ಇರುತ್ತದಲ್ಲ, ಮೇಲಿನ ಹೊದಿಕೆ ಮಾತ್ರ ಸಾಕು ಎಂಬುದು ಜಾರ್ಡಿನ್ ತರ್ಕ. ಅಜ್ಜಿಯರ ಕೌದಿ ನೋಡಿ ಬೆಳೆದವರಿಗೆ ಇದು ಹೊಸತೇನಲ್ಲ. ಆದರೆ ಹತ್ತಿಯ ಕೌದಿ ಬೆಟ್ಟಕ್ಕೆ ಆಗದು, ನೆನೆದರೆ ಭಾರ, ಬೆಚ್ಚಗಿಡುವುದೂ ಇಲ್ಲ. ಪಾಲಿಯೆಸ್ಟರ್ ವ್ಯಾಡಿಂಗ್ ಬಳಸಬೇಕು. ಬೆನ್ನುಚೀಲ ಕೊನೆಗಿರಲಿ. ಕಂಬಿಯಿಲ್ಲದ ಚೀಲದಲ್ಲಿ 10 ಕೆ.ಜಿ. ಮೀರಿದರೆ ಭಾರವೆಲ್ಲಾ ಹೆಗಲಿಗೇ ಬೀಳುತ್ತದೆ. ಉಳಿದ ಸಾಮಾನು ಹಗುರವಾದ ಮೇಲಷ್ಟೇ ಅದು ಉಪಯೋಗಕ್ಕೆ ಬರುವುದು. ಹೊಲಿಗೆ ಹೊಸತಾದರೆ ದಾರ ಎಳೆದು ಬಾಯಿ ಕಟ್ಟುವ ಸಣ್ಣ ಬಟ್ಟೆಚೀಲ ಎರಡು ಹೊಲಿದು ಕೈ ಪಳಗಿಸಿಕೊಳ್ಳಿ.

ಎಲ್ಲಿ ಕಟ್ಟಬಹುದು ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿ. ಅರಣ್ಯ ಪ್ರದೇಶದಲ್ಲಿ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಉತ್ತರಾಖಂಡದ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ನಿಷೇಧಿಸಿತ್ತು. ಹಲವು ಕೋಟೆಗಳ ಮೇಲೂ ನಿರ್ಬಂಧಗಳಿವೆ.